ಅರ್ಧ ಅಕ್ಷರ ಮುಂಚೆ

ಗೆದ್ದವರ ಹಾಡು ಕೇಳುವುದಕ್ಕೆ ನನ್ನ ಕಿವಿಯೇ ಬೇಕೆಂದೇನಿಲ್ಲ. ಅವರಿಗೆ ಊರೆಲ್ಲ ಇದೆ. ಬಸ್ಸಿನಲ್ಲಿ ಅವರೇ, ಕಟಿಂಗ್ ಶಾಪಿನಲ್ಲಿ ಅವರೇ, ಲಿಫ್ಟಿನೊಳಗೆ ನಿಂತರೂ ತಲೆಯ ಮೇಲಿಂದ ಅವರೇ. ನನಗೆ ಬೇಕಾದವರು ಸೋತವರು. ಒಂದೇ ಒಂದು ಕ್ಯಾಸೆಟ್ ಮಾಡಿ, ಅದನ್ನು ನೆಂಟರಿಷ್ಟರಿಗೆ ಹಂಚಿ, ಗಿಟಾರು ಮಾರಿ, ಮದುವೆಯಾಗಿ, ಹೇಳಹೆಸರಿಲ್ಲದೆ ಮಾಯವಾದ ಬ್ಯಾಂಡ್‌ಗಳು. ಇದೇನು ಹುಚ್ಚು ನಿನಗೆ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಮನೆಯಲ್ಲಿ ನನ್ನನ್ನು ಮೆಣಸು ಎಂದು ಕರೆಯುತ್ತಾರೆ. ಅಷ್ಟು ಹೇಳಿದರೆ ಉಳಿದದ್ದು ನಿಮಗೇ ತಿಳಿಯುತ್ತದೆ.

ನನ್ನದು ಕಟ್ಟಿಸಿದ ಹಲ್ಲು ಮಾಡುವ ಕೆಲಸ. ಡಾಕ್ಟರುಗಳು ಜನರ ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ನಾವು ಅದಕ್ಕೆ ಸರಿಯಾಗಿ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸ್ಸು ಕಳಿಸುತ್ತೇವೆ. ದಿನವಿಡೀ ಕೈಯಲ್ಲಿ ಗುಯ್‌ಗುಡುವ ಸಣ್ಣ ಮೋಟಾರು, ಮುಖಕ್ಕೆ ಪಟ್ಟಿ, ಕಿವಿಗೆ ಇಯರ್‌ಫೋನು. ಮಾತಾಡುವ ಹಾಗಿಲ್ಲ, ಬಾಯಿ ತೆಗೆದರೆ ಪುಡಿ ಒಳಗೆ ಹೋಗುತ್ತದೆ. ನನ್ನ ಬಾಯಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದಿಲ್ಲ ಎಂದು ನಮ್ಮಮ್ಮ ಬದುಕಿದ್ದಾಗ ಹೇಳುತ್ತಿದ್ದಳು. ಅದು ನಿಜವೇ.

ಈ ಹುಚ್ಚು ಹೊಸದೇನಲ್ಲವಾದರೂ ಇತ್ತೀಚೆಗೆ ವಿಪರೀತಕ್ಕೆ ಹೋಗಲು ಕಾರಣ ತುಕ್ಕು. ತುಕ್ಕು ಎಂಬ ಹೆಸರಿನಲ್ಲಿ ಯಾರೋ ಒಬ್ಬರು ಗುಜರಿಯಿಂದ ಹಳೆಯ ಕ್ಯಾಸೆಟ್‌ಗಳನ್ನು ಆರಿಸಿ ತಂದು, ರಿಪೇರಿ ಮಾಡಿ, ಇಂಟರ್ನೆಟ್ಟಿಗೆ ಹಾಕುತ್ತಾರೆ. ಗಂಡೋ ಹೆಣ್ಣೋ ಗೊತ್ತಿಲ್ಲ. ನಾನಂತೂ ಕೆಲಸದಿಂದ ನಿವೃತ್ತನಾದ, ಹೆಂಡತಿಯ ಹತ್ತಿರ ಬೈಸಿಕೊಳ್ಳುವ ಒಬ್ಬ ಮುದುಕನೆಂದೇ ಇಟ್ಟುಕೊಂಡಿದ್ದೇನೆ. ಅವನಿಂದಲೇ ನನಗೆ 'ಮೂರನೇ ಮಹಡಿ' ಸಿಕ್ಕಿದ್ದು. ಅದರ ಹಾಡುಗಾರ ಪ್ರತಿ ಸಾಲನ್ನೂ ಆಗಷ್ಟೇ ಮೆಟ್ಟಿಲು ಹತ್ತಿ ಬಂದವನ ಹಾಗೆ ಏದುಸಿರಿನಲ್ಲೇ ಹಾಡುತ್ತಾನೆ, ಆದರೂ ಎದೆ ಹಿಂಡುತ್ತಾನೆ. 'ಬಾಡಿಗೆ ಮನೆ' ಎಂಬ ಇನ್ನೊಂದು ಬ್ಯಾಂಡು, ಕೆಳಗಿನ ಓನರಿಗೆ ಕೇಳಿಸೀತೆಂಬ ಭಯದಲ್ಲೇ ಇಡೀ ಕ್ಯಾಸೆಟ್ ಬಾರಿಸಿದೆ. 'ಒದ್ದೆ ಕಡ್ಡಿ'ಯ ಗಿಟಾರಿನವನು ಕೊನೆಯ ಹಾಡಿನವರೆಗೂ ಗೀರುತ್ತಲೇ ಇರುತ್ತಾನೆ, ಹತ್ತಿಕೊಳ್ಳುವುದಿಲ್ಲ. ಕೊನೆಯದರಲ್ಲಿ ಹತ್ತಿಕೊಂಡ ನೋಡಿ, ನಾನು ಕೂತಲ್ಲೇ ಗಳಗಳ ಅತ್ತುಬಿಟ್ಟೆ. ಪಕ್ಕದ ಮೇಜಿನವಳು ಮೋಟಾರಿಗೆ ಬೆರಳು ಉಜ್ಜಿಕೊಂಡೆನೆಂದು ತಿಳಿದು ಹತ್ತಿ ಹುಡುಕಲು ಓಡಿದಳು.

ಇದನ್ನೆಲ್ಲ ನಾನು ಕೇಳಿಸುತ್ತಿದ್ದುದು ಅಕ್ಕನಿಗೆ. ಭಾನುವಾರ ಮಧ್ಯಾಹ್ನ ಅವಳ ಮನೆಗೆ ಹೋಗಿ, ಪರದೆ ಬಟ್ಟೆಯ ರಾಶಿಯ ನಡುವೆ ಫೋನು ಇಟ್ಟು ಹಾಡು ಹಾಕುತ್ತಿದ್ದೆ. ಅಕ್ಕ ಕಿಟಕಿ ಪರದೆ ಹೊಲಿಯುವವಳು. ಅಂಗಡಿಯವರು ಅಳತೆ ಕೊಡುತ್ತಾರೆ, ಇವಳು ಮನೆಯಲ್ಲೇ ಕತ್ತರಿಸಿ ಹೊಲಿದು ಕೊಡುತ್ತಾಳೆ. ಹಾಡು ಕೇಳುತ್ತ ಕತ್ತರಿಸುವಾಗ ಅವಳ ಕತ್ತರಿ ತಾಳಕ್ಕೆ ಸರಿಯಾಗಿ ಹೋಗುತ್ತದೆ. ಒಂದು ಕಾಲದಲ್ಲಿ ಅಕ್ಕನೂ ಒಂದು ಬ್ಯಾಂಡಿನಲ್ಲಿ ಹಾಡುತ್ತಿದ್ದಳು. ಆಮೇಲೆ ಗಂಟಲಿಗೆ ಕ್ಯಾನ್ಸರ್ ಬಂತು, ದನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಕುತ್ತಿಗೆಯ ಬುಡದಲ್ಲಿ ಒಂದು ತೂತು, ಉಸಿರಾಟವೆಲ್ಲ ಅದರಿಂದಲೇ. ಮಾತೆಂದರೆ ಬರೀ ತುಟಿ ಆಡಿಸುವುದು. ಆ ತುಟಿಯನ್ನು ಓದುವುದು ನನಗೂ ಅವಳ ಮಗಳಿಗೂ ನೀರು ಕುಡಿದಷ್ಟು ಸಲೀಸು. ಕುತ್ತಿಗೆಗೆ ಒತ್ತಿಕೊಂಡರೆ ಗೊರಗೊರ ಎಂದು ಮಾತಾಡುವ ಯಂತ್ರವೂ ಅವಳ ಹತ್ತಿರ ಇದೆ. ಅದನ್ನು ಕಂಡರೆ ಅವಳಿಗೆ ಆಗದು. ಅಂಗಡಿಯವನು ಅಳತೆ ತಪ್ಪು ಕೊಟ್ಟಾಗ ಉಗಿಯುವುದಕ್ಕೆ ಮಾತ್ರ ಹೊರಗೆ ತೆಗೆಯುತ್ತಾಳೆ.

ಹೀಗೊಂದು ಭಾನುವಾರ 'ಬಾಡಿಗೆ ಮನೆ' ಹಾಡುತ್ತಿದ್ದಾಗ ಕತ್ತರಿಯ ಸದ್ದು ನಿಂತಿತು. ತಲೆ ಎತ್ತಿದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಮೆಣಸು," ಎಂದು ಅವಳ ತುಟಿ ಆಡಿತು. "ನಮ್ಮ ಕ್ಯಾಸೆಟ್ ಎಲ್ಲೂ ಸಿಗಲ್ವಾ?"

ಆಪರೇಷನ್ ಆದಂದಿನಿಂದ ಅವಳು ಆ ಕ್ಯಾಸೆಟ್ಟಿನ ಸುದ್ದಿ ಎತ್ತಿದವಳಲ್ಲ, ನಾವೂ ಎತ್ತಿದವರಲ್ಲ.

"ಈಗ್ಯಾಕೆ ಅದು?" ಎಂದೆ.

"ನನ್ನ ದನಿ ನನಗೇ ಮರೆತುಹೋಗಿದೆ ಕಣೇ. ಕನಸಲ್ಲಿ ಮಾತಾಡ್ತೀನಿ ಗೊತ್ತಾ? ಚೆನ್ನಾಗಿ ಮಾತಾಡ್ತೀನಿ. ಆದ್ರೆ ನಿನ್ನ ದನೀಲಿ."

ನಾನು ಏನೋ ತಮಾಷೆ ಮಾಡಲು ಹೊರಟೆ. ಪಾಪ, ಕನಸಲ್ಲೂ ನಿನಗೆ ನನ್ನ ಕಾಟ ತಪ್ಪಲಿಲ್ಲ ಎಂದೋ ಏನೋ. ಬದಲಿಗೆ ಹಾಡು ನಿಲ್ಲಿಸಿದೆ.

"ಒಂದೇ ಒಂದು ಸಲ ಕೇಳಬೇಕು," ಎಂದಳು ಅಕ್ಕ. "ಪುಟ್ಟಿಗೂ ಕೇಳಿಸಬೇಕು. ಅವಳಿಗೆ ಅಮ್ಮ ಅಂದ್ರೆ ಬರೀ ತುಟಿ."

ಪುಟ್ಟಿ ಅವಳ ಮಗಳು. ಅಮ್ಮನ ಆಪರೇಷನ್ ಆದಾಗ ಅವಳಿನ್ನೂ ಅಂಬೆಗಾಲಿಡುತ್ತಿದ್ದ ಕೂಸು. ಈಗ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಅವಳು ಕೊಳದ ಈ ದಂಡೆಯಲ್ಲಿ ನಿಂತು ಕಾಲು ಬಡಿಯೋ ಎಂದರೆ ಹೊರಗೆ ರಸ್ತೆಯಲ್ಲಿ ಹೋಗುವವರೂ ಒಂದು ಕ್ಷಣ ಕಾಲು ಬಡಿಯಬೇಕು, ಅಂಥ ಗಂಟಲು. ಆ ಗಂಟಲು ಯಾರದ್ದೆಂದು ನನಗೆ ಗೊತ್ತು. ಅವಳಿಗೆ ಗೊತ್ತಿಲ್ಲ. ಅವಳಪ್ಪ, ಅಂದರೆ ನಮ್ಮ ಭಾವ ಎನಿಸಿಕೊಂಡ ಮಹಾಶಯ, ರೋಗದ ಹೆಸರು ಕಿವಿಗೆ ಬೀಳುತ್ತಲೇ ಕಾಲು ಕಿತ್ತವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅವನ ವಿಷಯ ಇಷ್ಟು ಸಾಕು. ಇನ್ನೂ ಹೇಳಿದರೆ ನನ್ನ ಬಾಯಿ ಹೊಲಸಾಗುತ್ತದೆ.

ಅಕ್ಕನ ಬ್ಯಾಂಡಿನ ಹೆಸರು 'ಹಿತ್ತಲ ಬಾಗಿಲು'. ಅವರ ಕ್ಯಾಸೆಟ್ ಹೊರಬಂದಾಗ ಅಕ್ಕ ಆಸ್ಪತ್ರೆಯಲ್ಲಿ ಮಲಗಿದ್ದಳು. ಗಂಟಲಲ್ಲಿ ಕೊಳವೆ ಹಾಕಿಸಿಕೊಂಡವಳ ಮುಂದೆ ಅವಳದೇ ಹಾಡಿನ ಕ್ಯಾಸೆಟ್ ಹಿಡಿಯುವಷ್ಟು ಕಲ್ಲೆದೆ ಯಾರಿಗಿತ್ತು? ಅಮ್ಮ ಅದನ್ನು ಮನೆಯೊಳಗೆ ತರಕೂಡದೆಂದು ಕಟ್ಟಪ್ಪಣೆ ಮಾಡಿದಳು. ನಾನೂ ಕೇಳಲಿಲ್ಲ, ಕೇಳುವುದು ನನ್ನಿಂದ ಆಗುತ್ತಿರಲಿಲ್ಲ. ಬ್ಯಾಂಡಿನ ಯಜಮಾನ, ಕೀಬೋರ್ಡು ಬಾರಿಸುತ್ತಿದ್ದವನು, ಆಸ್ಪತ್ರೆಗೆ ಬಂದು ಅಕ್ಕನ ಕೈ ಹಿಡಿದು, "ನಿನ್ನ ದನಿ ನಮ್ಮ ಕ್ಯಾಸೆಟ್ಟಿನಲ್ಲಿ ಭದ್ರವಾಗಿದೆ, ಚಿಂತೆ ಮಾಡಬೇಡ" ಎಂದು ಹೇಳಿ ಹೋಗಿದ್ದ. ನಾನು ಅಲ್ಲೇ ಮಂಚದ ಪಕ್ಕ ನಿಂತಿದ್ದೆ. ಆ ಒಂದು ಮಾತನ್ನೇ ಹಿಡಿದುಕೊಂಡು ಅಕ್ಕ ಇಷ್ಟು ವರ್ಷ ಬದುಕಿದ್ದಾಳೆ ಎಂದು ನನಗೆ ಗೊತ್ತಾದದ್ದು ಆ ಭಾನುವಾರವೇ.

ಅವತ್ತೇ ತುಕ್ಕುಗೆ ಬರೆದೆ. ಹೀಗೊಂದು ಬ್ಯಾಂಡಿತ್ತು, ಕ್ಯಾಸೆಟ್ಟಿನ ಮೇಲೆ ಅರ್ಧ ತೆರೆದ ಬಾಗಿಲಿನ ಚಿತ್ರ ಇತ್ತು, ಎಲ್ಲಾದರೂ ಕಂಡರೆ ದಯವಿಟ್ಟು ಹಾಕಿ ಎಂದು. ದಯವಿಟ್ಟು ಎಂಬ ಪದ ನನ್ನ ಕೈಯಲ್ಲಿ ಸುಲಭಕ್ಕೆ ಬರುವುದಿಲ್ಲ. ಅಂದು ಬಂತು. ನೋಡೋಣ ಎಂದಷ್ಟೇ ಉತ್ತರ. ಆಮೇಲೆ ವಾರಗಟ್ಟಲೆ ಸುದ್ದಿಯಿಲ್ಲ. ನಾನು ದಿನಾ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದ ಕೂಡಲೇ ನೋಡುತ್ತಿದ್ದೆ. ತುಕ್ಕು ಯಾರ್ಯಾರದ್ದೋ ಹಾಕುತ್ತಿದ್ದ. ಒಳ್ಳೆಯ ಬ್ಯಾಂಡ್‌ಗಳೇ, ಆದರೆ ನನಗೆ ಅವರ ಮೇಲೆಲ್ಲ ಹೊಟ್ಟೆ ಉರಿ. ಭಾನುವಾರ ಹೋದರೆ ಅಕ್ಕ ಬಾಗಿಲಲ್ಲೇ ಹುಬ್ಬು ಎತ್ತುತ್ತಿದ್ದಳು, ನಾನು ತಲೆ ಅಲ್ಲಾಡಿಸುತ್ತಿದ್ದೆ, ಅವಳು ಹೋಗಲಿ ಬಿಡು ಎಂಬಂತೆ ಕೈ ಬೀಸಿ ಒಳಗೆ ಹೋಗುತ್ತಿದ್ದಳು. ಅವಳು ಹಾಗೆ ಕೈ ಬೀಸುವುದನ್ನು ನೋಡಲಾಗುತ್ತಿರಲಿಲ್ಲ.

ಕೊನೆಗೊಂದು ಶನಿವಾರ ಬೆಳಿಗ್ಗೆ ಫೋನು ತೆಗೆದರೆ ಅರ್ಧ ತೆರೆದ ಬಾಗಿಲು! ಅದರ ಕೆಳಗೆ ತುಕ್ಕು ಒಂದೇ ಸಾಲು ಬರೆದಿದ್ದ: 'ಹಿತ್ತಲ ಬಾಗಿಲು. ಇವರನ್ನು ಕೇಳದೆ ಬಿಟ್ಟ ನಮ್ಮ ಕಿವಿಗೆ ನಾಚಿಕೆಯಾಗಬೇಕು.'

ಎದುರಿಗೆ ಯಾವುದೋ ಮೇಷ್ಟರ ಮೇಲ್ಸಾಲಿನ ಹಲ್ಲುಗಳಿದ್ದವು, ಮುಂದಿನ ಎರಡಕ್ಕೆ ಕೊನೆಯ ಉಜ್ಜುವಿಕೆ ಬಾಕಿಯಿತ್ತು. ಮೋಟಾರು ಹಿಡಿದೇ ಹಾಡು ಹಾಕಿದೆ. ಮೊದಲು ಕೀಬೋರ್ಡು ಬಂತು. ಆಮೇಲೆ ಡ್ರಮ್ಮು. ಆಮೇಲೆ ಒಬ್ಬ ಹುಡುಗಿ ಹಾಡತೊಡಗಿದಳು, "ಬಾಗಿಲ ಸಂದಿಯ ಬೆಳಕೇ" ಎಂದು.

ಅದು ಅಕ್ಕ ಅಲ್ಲ.

ಒಂದು ಸಾಲು ಮುಗಿಯುವಷ್ಟರಲ್ಲೇ ನನಗೆ ಗೊತ್ತಾಯಿತು. ಒಳ್ಳೆಯ ದನಿ. ಜೇನಿನಂಥ ದನಿ. ಅಕ್ಕನಿಗಿಂತ ಚೆನ್ನಾಗಿಯೇ ಹಾಡಿದ್ದಾಳೆ ಪುಣ್ಯಾತ್ಗಿತ್ತಿ. ಆದರೆ ಅಕ್ಕ ಅಲ್ಲ. ಅಕ್ಕನ ದನಿಯಲ್ಲಿ ಕೆಳಗೆ ಒಂದು ಸಣ್ಣ ಒರಟಿತ್ತು, ಹೊಸ ಬಟ್ಟೆ ಹರಿಯುವಾಗ ಬರುತ್ತದಲ್ಲ, ಆ ಥರ. ನಾನು ಆ ದನಿಯ ಪಕ್ಕದಲ್ಲೇ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವಳು, ಆ ದನಿಯಿಂದ ಬೈಸಿಕೊಂಡು, ಆ ದನಿಯಿಂದಲೇ ನಿದ್ದೆ ಹೋದವಳು. ಎರಡನೇ ಹಾಡು ಹಾಕಿದೆ, ಅದೇ ಹುಡುಗಿ. ಮೂರನೆಯದೂ ಅವಳೇ. ಎಷ್ಟು ಹೊತ್ತಾಯಿತೋ, ಪಕ್ಕದವಳು ಕೂಗಿದಾಗ ನೋಡಿದರೆ ಮೇಷ್ಟರ ಮುಂದಿನ ಹಲ್ಲು ಬುಡದವರೆಗೆ ಸವೆದುಹೋಗಿತ್ತು.

ಮೋಟಾರು ಆರಿಸಿ ಎದ್ದೆ. ಬೆಂಕಿಯಂಥ ಸಿಟ್ಟು. ಕೀಬೋರ್ಡಿನವನು ಸತ್ತು ಬಹಳ ಕಾಲವಾಗಿದೆ, ಆದ್ದರಿಂದ ಬಚಾವಾದ. ಉಳಿದವನು ಡ್ರಮ್ಮು ಬಾರಿಸುತ್ತಿದ್ದವನು, ಬ್ಯಾಂಡಿನವರೆಲ್ಲ ಗುಡುಗು ಎಂದು ಕರೆಯುತ್ತಿದ್ದವನು. ಅವನು ರಿಂಗ್ ರೋಡಿನಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆಂದು ನನಗೆ ಗೊತ್ತಿತ್ತು, ಹೋಗಿ ನಿಂತೆ. ಗುಡುಗು ಒಂದು ಲಾರಿ ಟೈರಿನ ಒಳಗೆ ತಲೆ ಹಾಕಿ ಏನನ್ನೋ ಹುಡುಕುತ್ತಿದ್ದ.

"ರೀ, ನಿಮ್ಮ ಕ್ಯಾಸೆಟ್ಟಿನಲ್ಲಿ ಹಾಡಿದ್ದು ಯಾರ್ರೀ?" ಎಂದೆ.

"ಆಂ?" ಎಂದು ಕಿವಿಗೆ ಕೈ ಕೊಟ್ಟ. "ಜೋರಾಗಿ ಹೇಳಿ, ಕಿವಿ ಹೋಗಿದೆ. ಡ್ರಮ್ಮು ತಿಂದ್ಹಾಕ್ತು."

ರಸ್ತೆಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಕೇಳಿದೆ. ಈ ಸಲ ನನ್ನ ಗುರುತು ಹತ್ತಿತು ಅವನಿಗೆ. ಮುಖ ಇಳಿಯಿತು. ಒಂದು ಟೈರು ಉರುಳಿಸಿ ತಂದು ಅಡ್ಡ ಹಾಕಿ, "ಕೂತ್ಕೊಳ್ಳಿ" ಎಂದ. ನಾನು ಕೂರಲಿಲ್ಲ.

"ಯಜಮಾನ್ರು ಸಾಯೋವರೆಗೂ ಇದನ್ನೇ ಹೇಳಿಕೊಂಡು ಕೊರಗಿದ್ರು," ಎಂದ ಗುಡುಗು. "ನಮ್ಮ ಕೆಲಸದಲ್ಲಿ ದಾರಿ ದನಿ ಅಂತ ಒಂದಿರುತ್ತೆ. ಮೊದಲು ನಾವೆಲ್ಲ ಒಟ್ಟಿಗೆ ಬಾರಿಸ್ತೀವಿ. ಹಾಡು ಎಲ್ಲಿದೆ ಅಂತ ನಮಗೆ ಗೊತ್ತಾಗಬೇಕಲ್ಲ, ಅದಕ್ಕೆ ಒಬ್ಬರು ಸುಮ್ನೆ ಹಾಡ್ತಾ ಹೋಗ್ತಾರೆ, ದಾರಿ ತೋರಿಸೋಕೆ. ಅದನ್ನ ಅಳಿಸಿ, ಆಮೇಲೆ ನಿಧಾನವಾಗಿ ಸರಿಯಾದ್ದನ್ನ ಹಾಡಿಸ್ತಾರೆ. ನಿಮ್ಮಕ್ಕ ದಾರಿ ದನಿ ಹಾಡಿದ್ಲು. ಸರಿಯಾದ್ದು ಹಾಡೋಕೆ ಮುಂದಿನ ತಿಂಗಳು ಬರಬೇಕಿತ್ತು. ಅಷ್ಟರಲ್ಲಿ ಗಂಟಲು ಒಡೀತು. ಶೀತ ಇರಬೇಕು ಅಂದ್ಕೊಂಡ್ವಿ. ಕಾದ್ವಿ. ಆಮೇಲೆ ಶೀತ ಅಲ್ಲ ಅಂತ ಗೊತ್ತಾಯ್ತಲ್ಲ."

"ಅದಕ್ಕೆ ಬೇರೆಯವಳನ್ನ ತಂದ್ರಿ."

"ಸ್ಟುಡಿಯೋದವನು ತಂದ. ಹೆಸರೂ ನೆನಪಿಲ್ಲ ನನಗೆ. ಒಂದೇ ಮಧ್ಯಾಹ್ನದಲ್ಲಿ ಎಲ್ಲ ಹಾಡಿ ಹೋದ್ಲು. ನಿಮ್ಮಕ್ಕ ಮಾತ್ರ ತಾನು ಹಾಡಿದ್ದ ದಾರಿ ದನೀನೇ ಇಟ್ಕೊಂಡಿದೀವಿ ಅಂತ ನಂಬಿದ್ಲು."

"ಮತ್ತೆ ಆಸ್ಪತ್ರೆಗೆ ಬಂದು ನಿನ್ನ ದನಿ ಭದ್ರವಾಗಿದೆ ಅಂತ ಯಾವ ಬಾಯಲ್ಲಿ ಹೇಳಿದ್ರು ನಿಮ್ಮ ಯಜಮಾನ್ರು?"

"ಕೊಳವೆ ಹಾಕಿಸ್ಕೊಂಡು ಮಲಗಿದವಳಿಗೆ ಇನ್ನೇನು ಹೇಳಬೇಕಿತ್ತು?" ಎಂದ ಗುಡುಗು. ಕಿವುಡರು ಕೂಗುವ ಹಾಗೆ ಕೂಗಿಯೇ ಹೇಳಿದ. "ನೀವೇ ಹೇಳಿ, ಇನ್ನೇನು ಹೇಳಬೇಕಿತ್ತು?"

ಟೈರಿನ ಮೇಲೆ ಕೂತೆ. ಪಂಕ್ಚರ್ ಹಾಕಿಸಲು ಬಂದ ಯಾರೋ ನಮ್ಮಿಬ್ಬರ ಮುಖ ನೋಡಿ ಮುಂದಿನ ಅಂಗಡಿಗೆ ಹೋದರು. ಗುಡುಗು ತಾನಾಗಿಯೇ ಅಂದ, "ಆದ್ರೆ ಒಂದು ಮಾತು. ಆ ಸ್ಟುಡಿಯೋ ಅಂದ್ರೆ ಒಂದೇ ರೂಮು. ನಿಮ್ಮಕ್ಕ ನನ್ನ ಪಕ್ಕದಲ್ಲೇ ನಿಂತು ಹಾಡಿದ್ದು. ನನ್ನ ಡ್ರಮ್ಮಿಗೆ ಇಟ್ಟಿದ್ದ ಮೈಕಿಗೆ ಅವಳ ದನಿ ಸ್ವಲ್ಪ ಸೋರಿರುತ್ತೆ. ದಾರಿ ದನೀನ ಅಳಿಸಬಹುದು. ಡ್ರಮ್ಮಿನ ಒಳಗೆ ಸೋರಿದ್ದನ್ನ ಅಳಿಸೋಕೆ ಆಗ ಯಾರ ಕೈಲೂ ಆಗ್ತಿರ್ಲಿಲ್ಲ. ಕೇಳಿ ನೋಡಿ. ಆ ಹುಡುಗಿ ಬಾಯಿ ಮುಚ್ಚಿರೋ ಕಡೆ ಕೇಳಿ."

ಅಲ್ಲೇ ಕೂತು ಇಯರ್‌ಫೋನ್ ಹಾಕಿಕೊಂಡೆ. ಕಣ್ಣು ಮುಚ್ಚಿ, ದನಿ ಪೂರ್ತಿ ಏರಿಸಿ, ಮೊದಲಿಂದ ಕೇಳಿದೆ. ಏನೂ ಇಲ್ಲ. ಕೀಬೋರ್ಡು, ಡ್ರಮ್ಮು, ಜೇನು. ರಸ್ತೆಯ ಗಲಾಟೆ ತಡೆಯಲು ಅಂಗಡಿಯ ಹಿಂದಕ್ಕೆ, ಟೈರುಗಳ ಗೋಡೆಯ ನಡುವೆ ಹೋಗಿ ನಿಂತೆ. ಅಲ್ಲಿ ಒಳ್ಳೆ ನಿಶ್ಶಬ್ದ ಇತ್ತು. ಮತ್ತೆ ಹಾಕಿದೆ.

ಆಗ ಕೇಳಿಸಿತು. ಆ ಹುಡುಗಿ "ಬಾಗಿಲ" ಎನ್ನುವ ಮುಂಚೆ, ಕೂದಲೆಳೆಯಷ್ಟು ಮುಂಚೆ, ದೂರದ ಕೋಣೆಯಿಂದ ಬಂದ ಹಾಗೆ, ಒಂದು "ಬಾ".

ಅಕ್ಕ!

ಅಕ್ಕನಿಗೆ ಹಾಡುವಾಗ ಒಂದು ಕೆಟ್ಟ ಚಾಳಿಯಿತ್ತು. ತಡೆಯಲಾರಳು. ತಾಳ ಬೀಳುವ ಮುಂಚೆಯೇ ಬಾಯಿ ಹಾಕುವಳು, ಯಾವಾಗಲೂ ಅರ್ಧ ಅಕ್ಷರ ಮುಂಚೆ. ಬಸ್ಸು ತಪ್ಪಿಹೋಗುತ್ತದೇನೇ, ನಿಲ್ಲೇ ಒಂದು ನಿಮಿಷ ಎಂದು ಅಮ್ಮ ಅಡುಗೆಮನೆಯಿಂದ ಗದರುವುದು, ಅಕ್ಕ ನಗುವುದು, ಮತ್ತೆ ಹಾಡಿದರೆ ಮತ್ತೆ ಅದೇ. ಆ ಹುಡುಗಿ ಕಲಿತ ಹಾಡುಗಾರ್ತಿ, ಸರಿಯಾದ ಜಾಗಕ್ಕೆ ಬಂದು ಕೂತಿದ್ದಾಳೆ. ಅವಳು ಬಂದು ಕೂರುವ ಮುಂಚಿನ ಆ ಸಣ್ಣ ಸಂದಿಯಲ್ಲಿ ಅಕ್ಕ ಉಳಿದುಕೊಂಡಿದ್ದಾಳೆ. ಪ್ರತಿ ಸಾಲಿನ ತಲೆಯಲ್ಲೂ ಅರ್ಧ ಅಕ್ಷರ. ಬಾ. ಬೆ. ಹೋ. ಒಂದು ಕಡೆ ಹಾಡಲು ತೆಗೆದುಕೊಂಡ ಉಸಿರು ಕೂಡ ಕೇಳಿಸಿತು. ಮೂಗಿನಿಂದ ತೆಗೆದುಕೊಂಡ ಉಸಿರು, ಈಗ ಅವಳಿಗಿಲ್ಲದ್ದು. ನಾನು ಟೈರಿಗೆ ಹಣೆ ಒತ್ತಿಕೊಂಡು ನಿಂತುಬಿಟ್ಟೆ. ತಾಳ ಸರಿಯಾಗಿ ಹಾಡಿದ್ದಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲವಲ್ಲ ಎಂದುಕೊಂಡೆ.

ಈಚೆಗೆ ಬಂದಾಗ ಗುಡುಗು ಕಾಯುತ್ತಿದ್ದ.

"ಇದ್ಯಾ?" ಎಂದ.

ನಾನು ಫೋನನ್ನು ಅವನ ಕಡೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. "ನನಗೆಲ್ಲಿ ಕೇಳುತ್ತೆ? ನೀವೇ ಹೇಳಿ."

"ಇದೆ," ಎಂದು ಕೂಗಿದೆ.

ಅವನು ಕರಿಮಸಿ ಮೆತ್ತಿದ ಕೈಯಲ್ಲೇ ಮುಖ ಒರೆಸಿಕೊಂಡ. ಮುಖವೆಲ್ಲ ಕಪ್ಪಾಯಿತು. ಅವನನ್ನು ಬೈಯಬೇಕೆಂದು ಬಂದದ್ದು ಮರೆತೇಹೋಗಿತ್ತು.

ಅಲ್ಲಿಂದ ನೆಟ್ಟಗೆ ಅಕ್ಕನ ಮನೆಗೆ ಹೊರಟೆ. ಬಸ್ಸಿನಲ್ಲಿ ಕೂತು ಹೇಳಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡೆ. ಮೊದಲು ಕೂರಿಸಬೇಕು. ಕ್ಯಾಸೆಟ್ ಸಿಕ್ಕಿದೆ, ಆದರೆ ದನಿ ನಿನ್ನದಲ್ಲ ಎನ್ನಬೇಕು. ಯಜಮಾನರನ್ನು ಬೈಯಬಾರದು. ಅವಳು ಅಳುವ ಮುಂಚೆ ಇಯರ್‌ಫೋನ್ ಕಿವಿಗಿಟ್ಟು, ಇಗೋ ನೋಡು ನೀನು ಎನ್ನಬೇಕು. ಅರ್ಧ ಅಕ್ಷರವಾದರೇನು, ನಿನ್ನದೇ, ಯಾರೂ ಅಳಿಸಲಾಗದ್ದು. ಪುಟ್ಟಿಗೂ ಅದನ್ನೇ ಕೇಳಿಸೋಣ. ಹೀಗೆಲ್ಲ. ಮೆಣಸು ಇಷ್ಟು ಮೆತ್ತಗೆ ಮಾತಾಡುವುದನ್ನು ಕೇಳಿದರೆ ಅಕ್ಕ ಮೊದಲು ಜ್ವರ ಬಂದಿದೆಯೇ ಎಂದು ಹಣೆ ಮುಟ್ಟುತ್ತಾಳೆ ಎಂದೂ ಅನ್ನಿಸಿತು.

ಮೆಟ್ಟಿಲು ಹತ್ತುವಾಗಲೇ ಮೇಲಿಂದ ಹಾಡು ಕೇಳಿಸಿತು. ಬಾಗಿಲ ಸಂದಿಯ ಬೆಳಕೇ. ನನ್ನ ಕಾಲು ಅಲ್ಲೇ ನಿಂತಿತು.

ಹಾಳು ತುಕ್ಕುವನ್ನು ಪುಟ್ಟಿಗೆ ತೋರಿಸಿದ್ದವಳು ನಾನೇ, ಅಮ್ಮನ ಬ್ಯಾಂಡಿನ ಹೆಸರು ಹೇಳಿದ್ದವಳೂ ನಾನೇ. ನಾನು ನೋಡುವ ಹಾಗೆ ಅವಳೂ ದಿನಾ ನೋಡುತ್ತಾಳೆಂದು ನನಗೇನು ಗೊತ್ತು? ಒಳಗೆ ಹೋದರೆ ಪುಟ್ಟಿ ಈಜುಕೊಳದ ದೊಡ್ಡ ಸ್ಪೀಕರನ್ನೇ ಹೊತ್ತು ತಂದು ಹೊಲಿಗೆ ಮಿಷಿನ್ನಿನ ಮೇಲೆ ಕೂರಿಸಿದ್ದಳು. ಅವಳ ಕೂದಲು ಇನ್ನೂ ಒದ್ದೆ, ಕಣ್ಣು ಕೆಂಪು. ಅಕ್ಕ ಪರದೆ ಬಟ್ಟೆಯ ಮೇಲೆಯೇ ಕೂತಿದ್ದಳು, ಒಂದು ಕೈ ಕುತ್ತಿಗೆಯ ಮೇಲೆ. ಅವಳ ಮುಖ ನೋಡಿದೆ. ನಾನು ಅವಳನ್ನು ಹಾಗೆ ನೋಡಿದ್ದು ಪುಟ್ಟಿ ಹುಟ್ಟಿದ ದಿನ, ಆಮೇಲೆ ಇಲ್ಲ.

"ಚಿಕ್ಕಮ್ಮಾ!" ಎಂದು ಪುಟ್ಟಿ ಬಂದು ನನ್ನನ್ನು ಅಪ್ಪಿಕೊಂಡಳು. "ಕೇಳಿದ್ರಾ? ಅಮ್ಮನ ದನಿ ಚಿಕ್ಕಮ್ಮ! ನನಗೆ ಗೊತ್ತೇ ಇರ್ಲಿಲ್ಲ. ಇಂಥಾ ದನಿ ಇಟ್ಕೊಂಡಿದ್ಲು ಅಂತ ನೀವ್ಯಾರೂ ಸರಿಯಾಗಿ ಹೇಳೇ ಇಲ್ವಲ್ಲ ನನಗೆ! ಬೆಳಿಗ್ಗೆಯಿಂದ ಕೇಳ್ತಾ ಇದೀನಿ. ಕೊಳದಲ್ಲಿ ಎಲ್ಲರಿಗೂ ಕೇಳಿಸಿದೆ, ನಮ್ಮಮ್ಮ ಅಂತ."

ಅಕ್ಕ ನನ್ನನ್ನು ನೋಡಿದಳು. ತುಟಿ ನಡುಗುತ್ತಿದ್ದುದರಿಂದ ಓದುವುದು ಕಷ್ಟವಾಯಿತು.

"ಇಷ್ಟು ಚೆನ್ನಾಗಿ ಹಾಡ್ತಿದ್ನಾ ನಾನು?"

ಅವಳಿಗೆ ಗೊತ್ತಾಗಿರಲಿಲ್ಲ. ದೇವರಾಣೆ, ಗೊತ್ತಾಗಿರಲಿಲ್ಲ. ಹೇಗೆ ತಾನೇ ಗೊತ್ತಾಗಬೇಕು? ನಮ್ಮ ದನಿ ನಮಗೆ ಕೇಳಿಸುವುದು ತಲೆಯ ಒಳಗಿನಿಂದ. ಹೊರಗೆ ಹೇಗಿತ್ತೆಂದು ಗೊತ್ತಿರುವುದು ಪಕ್ಕದಲ್ಲಿದ್ದವರಿಗೆ. ಒಳಗಿನದ್ದು ಮರೆತುಹೋಗಿದೆ ಎಂದು ಅವಳೇ ಹೇಳಿದ್ದಳಲ್ಲ. ಅಮ್ಮ ಇಲ್ಲ. ಭಾವನ ಮಾತು ಬೇಡ. ಯಜಮಾನರು ಸತ್ತರು, ಗುಡುಗನ ಕಿವಿ ಸತ್ತಿತು. ಅಕ್ಕನ ದನಿ ಹೇಗಿತ್ತೆಂದು ಈ ಭೂಮಿಯ ಮೇಲೆ ಗೊತ್ತಿರುವವಳು ಈಗ ನಾನೊಬ್ಬಳೇ.

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಚೆಲ್ಲಿಹೋಯಿತು. ಪುಟ್ಟಿ ನನ್ನ ಭುಜಕ್ಕೆ ಗಲ್ಲ ಒತ್ತಿ ಬಿಕ್ಕುತ್ತಿದ್ದಳು. ಅವಳ ಮುಂದೆ ಹೇಗೆ ಹೇಳಲಿ? ಹೇಳದೆ ಹೇಗಿರಲಿ? ಬೇರೆ ಯಾವಳೋ ಒಂದು ಮಧ್ಯಾಹ್ನ ಬಂದು ಹಾಡಿ ಹೋದವಳು ಈ ಮನೆಯಲ್ಲಿ ಅಮ್ಮನಾಗಿ ಕೂರುವುದೇ? ಪುಟ್ಟಿಯನ್ನು ಬಿಡಿಸಿಕೊಂಡು, ಅಕ್ಕನ ಎದುರು ಮಂಡಿಯೂರಿ ಕೂತು, ನನ್ನ ಇಯರ್‌ಫೋನನ್ನು ಅವಳ ಕಿವಿಗೆ ಸಿಕ್ಕಿಸಿದೆ. ಒಂದೇ ಒಂದು ಆಸೆಯಿತ್ತು. ನಾನು ಹೇಳುವುದು ಬೇಡ, ಅವಳೇ ಗುರುತು ಹಿಡಿಯಲಿ.

"ಇನ್ನೊಂದ್ಸಲ ಕೇಳಕ್ಕ," ಎಂದೆ. "ಕಣ್ಣು ಮುಚ್ಚಿ ಕೇಳು. ಹಾಡು ಕೇಳಬೇಡ. ಪ್ರತಿ ಸಾಲು ಶುರುವಾಗೋಕೆ ಸ್ವಲ್ಪ ಮುಂಚೆ ಏನಿದೆ ಅಂತ ಕೇಳು."

ಅಕ್ಕ ಕಣ್ಣು ಮುಚ್ಚಿದಳು. ಪುಟ್ಟಿ ಸ್ಪೀಕರ್ ಆರಿಸಿದಳು. ಕೋಣೆಯಲ್ಲಿ ಅಕ್ಕನ ಕುತ್ತಿಗೆಯ ಉಸಿರಿನ ಸಣ್ಣ ಸಿಳ್ಳೆ ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಮೊದಲ ಸಾಲು ಹೋಯಿತು, ಎರಡನೆಯದು ಹೋಯಿತು. ಮೂರನೆಯದರ ತಲೆಯಲ್ಲಿ ಅವಳ ಹುಬ್ಬು ಗಂಟಿಕ್ಕಿತು. ಕೇಳಿಸಿತು! ಅವಳಿಗೆ ಕೇಳಿಸಿತು! ನಾನು ಅವಳ ಕೈ ಹಿಡಿದೆ. ಅವಳು ಇಡೀ ಹಾಡನ್ನು ಕೊನೆಯವರೆಗೂ ಕೇಳಿ ಕಣ್ಣು ಬಿಟ್ಟಳು.

"ಹಿಂದೆ ಯಾರೋ ಇದಾರೆ," ಎಂದಿತು ತುಟಿ.

"ಯಾರು?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಯಾರಕ್ಕ ಅದು?"

ಅಕ್ಕ ಯೋಚಿಸಿದಳು. ತುಂಬ ಹೊತ್ತು ಯೋಚಿಸಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಗೊತ್ತಾಗ್ತಿಲ್ಲ. ಯಾರೋ ಹುಡುಗಿ. ಒರಟು ದನಿ. ನಾನು ಬಾಯಿ ತೆಗೆಯೋಕೆ ಮುಂಚೇನೇ ನುಗ್ತಾಳೆ ನೋಡು." ಅವಳು ಸದ್ದಿಲ್ಲದೆ ನಕ್ಕಳು. "ತಾಳಜ್ಞಾನವೇ ಇಲ್ಲ ಅದಕ್ಕೆ."

ಪುಟ್ಟಿ ಒಂದು ಕಿವಿಯದನ್ನು ಕಿತ್ತು ತನ್ನ ಕಿವಿಗಿಟ್ಟುಕೊಂಡಳು. ಹಾಡನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ ಕೇಳಿದಳು.

"ಹೌದಲ್ಲ! ಅಯ್ಯೋ, ಎಲ್ಲ ಸಾಲಲ್ಲೂ ಇದೆ. ಒಂದ್ಸಲ ಕೇಳಿಸಿದ್ರೆ ಆಮೇಲೆ ಅದೇ ಕೇಳಿಸುತ್ತೆ, ಛೆ. ಯಾರ್ ಚಿಕ್ಕಮ್ಮ ಇದು, ಅಮ್ಮನ ಹಾಡು ಹಾಳು ಮಾಡೋಕೆ ಬಂದಿರೋದು? ಈಗ ಇದನ್ನೆಲ್ಲ ತೆಗೆಯೋದು ಸುಲಭ. ನಿಮ್ಮ ತುಕ್ಕುಗೆ ಹೇಳಿ, ಆ ದನಿ ತೆಗೆದು ಅಮ್ಮಂದು ಮಾತ್ರ ಇಟ್ಟು ಕೊಡ್ತಾರೆ."

"ಬಾಯ್ಮುಚ್ಚೇ!" ಎಂದು ಕಿರುಚಿದೆ.

ಪುಟ್ಟಿ ಬೆಚ್ಚಿ ಹಿಂದೆ ಸರಿದಳು. ನಾನು ಅವಳ ಮೇಲೆ ಎಷ್ಟೋ ಸಲ ರೇಗಿದ್ದೇನೆ, ಹೀಗೆ ಕಿರುಚಿರಲಿಲ್ಲ. ಅವಳ ಕೆಳತುಟಿ ಸಣ್ಣ ಮಗುವಿನ ಹಾಗೆ ಮುಂದೆ ಬಂತು. ಈಗ ಹೇಳಿಬಿಡಬೇಕು ಎನ್ನಿಸಿತು. ಪುಟ್ಟಿ, ಆ ಒರಟು ದನಿಯೇ ನಿನ್ನಮ್ಮ ಕಣೇ, ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಾತಾಡಿಸಿದ್ದು ಅದೇ ದನಿ. ಮಾತು ನಾಲಿಗೆಯ ತುದಿಗೆ ಬಂತು. ಅಕ್ಕನ ಕಡೆ ನೋಡಿದೆ. ಅವಳು ಮಗಳ ಮುಖವನ್ನೇ ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಮಗಳಿಗೆ ಏನೋ ಕೊಟ್ಟ ತಾಯಿಯ ಮುಖ. ಹಲ್ಲಿನ ಪುಡಿಗೆ ಮಾತ್ರ ಮುಚ್ಚುತ್ತಿದ್ದ ನನ್ನ ಬಾಯಿ ಅವತ್ತು ಅವಳಿಗಾಗಿ ಮುಚ್ಚಿತು. ಆದರೆ ಕಣ್ಣನ್ನು ಏನು ಮಾಡಲಿ, ಅದು ನನ್ನ ಮಾತು ಕೇಳಲಿಲ್ಲ.

"ಪುಟ್ಟಿ ಹೇಳಿದ್ದು ಸರಿ," ಎಂದಳು ಅಕ್ಕ. ಅವಳ ತುಟಿ ಈಗ ನಡುಗುತ್ತಿರಲಿಲ್ಲ, ಸ್ಪಷ್ಟವಾಗಿ ಓದಿಸಿಕೊಂಡಿತು. "ತೆಗೆಸಿಬಿಡು ಮೆಣಸು. ಅವಳಿಗೆ ನನ್ನ ದನಿಯೊಂದೇ ಇರಲಿ."

ನಾನು ಆಗಲಿ ಎಂದು ತಲೆ ಆಡಿಸಿದೆ. ತಗ್ಗಿದ ತಲೆ ಮತ್ತೆ ಮೇಲೇಳಲಿಲ್ಲ, ಅವಳ ಮಡಿಲಿನ ಪರದೆ ಬಟ್ಟೆಯ ಮೇಲೆಯೇ ಬಿದ್ದುಕೊಂಡು ಅತ್ತೆ. ಅಕ್ಕ ನನ್ನ ಬೆನ್ನು ತಟ್ಟಿದಳು. ಆಮೇಲೆ ಗಲ್ಲ ಹಿಡಿದು ಮುಖ ಎತ್ತಿ ತನ್ನ ತುಟಿಯ ಕಡೆ ತಿರುಗಿಸಿದಳು.

"ಯಾಕೇ ಅಳ್ತೀಯ, ಹುಚ್ಚಿ? ಸಿಕ್ಕಿದೀನಲ್ಲ ನಾನು."

"ಹೌದಕ್ಕ," ಎಂದೆ. "ಸಿಕ್ಕಿದೀಯ."